ಅರ್ಧ ಸಾಲು

ಹಂಪನಕಟ್ಟೆಯ ಹಳೆ ಪುಸ್ತಕದವನ ಹತ್ತಿರ
ತೂಕಕ್ಕೆ ಸಿಕ್ಕಿದ್ದು. ಆರುನೂರ ನಲವತ್ತು ಪುಟ,
ರಟ್ಟಿಲ್ಲ, ಬೆನ್ನಿಗೆ ಬಿಳಿ ಪ್ಲಾಸ್ಟರು.
ಫ್ರಾನ್ಸಿನ ಕಾದಂಬರಿ. ಕನ್ನಡಕ್ಕೆ ತಂದವರ ಹೆಸರು
ಗೆದ್ದಲಿನ ಹೊಟ್ಟೆಯಲ್ಲಿ ಉಂಟು.

ಓದುವುದು ಬೆಂಗ್ರೆಯಿಂದ ಬಂದರಿಗೆ
ದೋಣಿಯಲ್ಲಿ ಹತ್ತು ನಿಮಿಷ. ಸಂಜೆ ಮತ್ತೆ ಹತ್ತು.
ನಡುವೆ ದಕ್ಕೆಯ ಐಸ್ ಪ್ಲಾಂಟಿನಲ್ಲಿ
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರದು ನಗದು, ಯಾರದು ಉದ್ರಿ
ಎಂದು ಬರೆಯುತ್ತಾ
ಲೆಡ್ಜರಿನ ಅಡಿಯಲ್ಲಿ ಕದ್ದು ನಾಲ್ಕು ಪುಟ.

ಮೊದಲ ವಾರ ಬರೀ ಸಿಟ್ಟು.
ಒಂದು ಮೆಟ್ಟಿಲು ಹತ್ತುವುದಕ್ಕೆ ಹದಿನೇಳು ಪುಟವೇ ಮಾರಾಯ್ರೆ!
ಕೈ ಹಿಡಿಯುವ ಮರ ಯಾವುದು, ಅದಕ್ಕೆ ಎಣ್ಣೆ ಹಚ್ಚಿದ್ದು ಯಾವಾಗ,
ಗೋಡೆಗೆ ಅಂಟಿಸಿದ ಕಾಗದದ ಹಕ್ಕಿ ಯಾವ ಕಡೆ ನೋಡುತ್ತದೆ.
ಅಷ್ಟು ಹೊತ್ತಿಗೆ ನಮ್ಮ ಬೋಟೊಂದು
ಮಲ್ಪೆಗೆ ಹೋಗಿ ವಾಪಸು ಬರುತ್ತದೆ.
ಬಿಸಾಡಬೇಕೆಂದಿದ್ದೆ. ಮರುದಿನ
ಪ್ಲಾಂಟಿನ ಕಬ್ಬಿಣದ ಏಣಿ ಹತ್ತುವಾಗ ಕಂಡಿತು:
ಮೂರನೇ ಮೆಟ್ಟಿಲು ನಡುವಿನಲ್ಲಿ ಸವೆದು ಹೊಳೆಯುತ್ತಿತ್ತು.
ಹದಿನಾಲ್ಕು ವರ್ಷ ಅದನ್ನೇ ತುಳಿದಿದ್ದೇನೆ.

ಅವಳು, ಕೈಗವಸು ಹೊಲಿಯುವವನ ಒಬ್ಬಳೇ ಮಗಳು,
ನದಿಯಾಚೆಯ ಲೆಫ್ಟಿನೆಂಟನಿಗೆ ಕಾಗದ ಬರೆಯುವವಳು,
ನನಗೆ ಸೇರಲಿಲ್ಲ.
ಮಧ್ಯಾಹ್ನದವರೆಗೆ ಹಾಸಿಗೆ, ಆಮೇಲೆ ಕಿಟಕಿ, ಆಮೇಲೆ ನಿಟ್ಟುಸಿರು.
“ಎದ್ದು ಮುಖ ತೊಳಿ ಹೆಣ್ಣೇ” ಎಂದುಬಿಟ್ಟೆ ಗಟ್ಟಿಯಾಗಿ.
ಪಕ್ಕದಲ್ಲಿ ಬುಟ್ಟಿ ಇಟ್ಟು ಕೂತಿದ್ದ ಅಪ್ಪಿಯಕ್ಕ
ಸೆರಗಿನಿಂದ ಮುಖ ಒರೆಸಿಕೊಂಡಳು.

ಇನ್ನೂರನೇ ಪುಟದಲ್ಲಿ ಹಿಮ ಬಿತ್ತು.
ಊರೆಲ್ಲ ಮೌನ, ಹತ್ತಿ ಹಾಸಿದ ಹಾಗೆ, ಎಂದು ಬರೆದಿದ್ದಾರೆ.
ತಲೆ ಎತ್ತಿದರೆ ಎದುರಿಗೆ
ಕ್ರಶರಿನ ಬಾಯಿಂದ ಐಸು ಕಿರುಚುತ್ತಾ ಬೀಳುತ್ತಿತ್ತು.
ಇದ್ದಿನಬ್ಬ ಹೆಗಲಿಗೆ ಗೋಣಿ ಹಾಕಿ
ಅಪ್ಪ ಅಮ್ಮ ಎಲ್ಲರನ್ನೂ ಬಯ್ಯುತ್ತಾ ಬ್ಲಾಕು ಎಳೆಯುತ್ತಿದ್ದ.
ಮೌನವಂತೆ.
ಬಂಗುಡೆಯ ಕಣ್ಣು ಕೆಂಪಾಗುವ ಮೊದಲು ಮುಟ್ಟಬೇಕು ನಮ್ಮ ಹಿಮ.

ಮುನ್ನೂರ ಮೂರರಿಂದ ಮುನ್ನೂರ ಹತ್ತು
ಇಲ್ಲವೇ ಇಲ್ಲ.
ಅಷ್ಟರಲ್ಲಿ ಅವಳಿಗೆ ಮದುವೆಯಾಗಿದೆ, ಬೇರೆ ಯಾರದೋ ಜೊತೆ.
ಹೇಗೆ ಒಪ್ಪಿದಳು? ಯಾರನ್ನು ಕೇಳುವುದು?
ನನ್ನ ಮದುವೆಯ ಮಾತು ನಿಂತುಹೋದ ವರ್ಷದ ಬಗ್ಗೆ
ನಮ್ಮ ಮನೆಯವರೂ
ಇಷ್ಟೇ ಪುಟ ಹರಿದಿಟ್ಟಿದ್ದಾರೆ.

ಹನ್ನೊಂದು ಪುಟ ಸತ್ತಳು ಅವಳು.
ಸೇರದವಳೇ. ಆದರೂ ಅತ್ತದ್ದು ಹೌದು.
ಅಮೋನಿಯ ಕಣ್ಣಿಗೆ ಹೋಯಿತೆಂದು ಧಣಿಗಳಿಗೆ ಸುಳ್ಳು ಹೇಳಿದೆ.
ಪಾಪ, ಅವರು ಹೆದರಿ ಅವತ್ತೇ
ಪೈಪೆಲ್ಲ ಪರೀಕ್ಷೆ ಮಾಡಿಸಿದರು.

ಮೂಗು ಒರೆಸಿ ಪುಟ ಮಗುಚಿದರೆ
ಅರ್ಧ ಸಾಲು:
ಆ ಚಳಿಗಾಲದಲ್ಲೇ ಕೆಲಸದ ಒಡೀಲ್ ಕೂಡ ತೀರಿಕೊಂಡಳು;
ಅರ್ಧವಿರಾಮ. ಅದರಾಚೆಗೆ ಗಡಿಯಾರದ ಹರಾಜು.

ಯಾವ ಒಡೀಲ್? ಲೆಕ್ಕದವಳ ಬುದ್ಧಿ ಬಿಡಬೇಕಲ್ಲ,
ಹಿಂದೆ ಹೋಗಿ ಹುಡುಕಿದೆ.
ನಲವತ್ತೊಂದರಲ್ಲಿ ಬಾಗಿಲು ತೆರೆದಿದ್ದಾಳೆ.
ನೂರ ಎಂಬತ್ತರಲ್ಲಿ ಕಲ್ಲಿದ್ದಲು ತಂದಿದ್ದಾಳೆ,
ಅದೇ ಮೆಟ್ಟಿಲು ಹತ್ತಿ ತಂದಿರಬೇಕು; ಅದಕ್ಕೆ ಪುಟವಿಲ್ಲ.
ಇನ್ನೂರ ಹನ್ನೆರಡರಲ್ಲಿ ಅಮ್ಮಾವರ ಕಾಗದ ಹಿಡಿದು
ಹಿಮದಲ್ಲಿ ಸೇತುವೆ ದಾಟಿದ್ದಾಳೆ.
ಕೈಗವಸಿನ ಮನೆ. ಅವಳ ಕೈಗೆ ಇತ್ತೋ ಇಲ್ಲವೋ
ಬರೆದಿಲ್ಲ.

ಹೆಸರು ಹೇಳುವ ಕ್ರಮ ಹೇಗೋ ಗೊತ್ತಿಲ್ಲ.
ನನ್ನ ಬಾಯಲ್ಲಿ ಅದು ತುಳುವಿನ “ಓಡೆಗ್” ಆಗುತ್ತದೆ,
ಎಲ್ಲಿಗೆ ಎಂದು
ದೋಣಿ ಹತ್ತುವಾಗ ಎಲ್ಲರೂ ಎಲ್ಲರನ್ನೂ ಕೇಳುವುದು,
ಉತ್ತರಕ್ಕೆ ಕಾಯದೆ.

ಆ ಸಂಜೆ ಲೆಡ್ಜರು ಮುಚ್ಚುವ ಮೊದಲು
ಉದ್ರಿ ಪುಟದಲ್ಲಿ, ಬೋಟುಗಳ ಹೆಸರಿನ ನಡುವೆ
ನೀಲಿ ಶಾಯಿಯಲ್ಲಿ ಬರೆದೆ: ಒಡೀಲ್, ಒಂದು ಬ್ಲಾಕು.

ತಿಂಗಳ ಕೊನೆಗೆ ಧಣಿಗಳು ಕನ್ನಡಕ ಏರಿಸಿ
ಆ ಸಾಲಿನ ಮೇಲೆ ಬೆರಳಿಟ್ಟರು:
ಇದು ಯಾರ ಬೋಟು? ಉಳ್ಳಾಲದವರದ್ದಾ?
ಹೌದೆಂದೆ.
ಹೋದದ್ದು, ಇನ್ನೂ ಬಂದಿಲ್ಲ.