ಮಹಡಿಯಿಲ್ಲದ ಒಲೆ

ನಾರ್ತಂಬರ್‌ಲ್ಯಾಂಡಿನ ಬೆಸ್ತರ ಹಳ್ಳಿಯಿಂದ ಒಂದೂವರೆ ಮೈಲಿ.
ಹೊಗೆಗಿಟ್ಟ ಮೀನಿನ ವಾಸನೆ ಅರ್ಧ ದಾರಿ ಜೊತೆಗೆ ಬಂತು,
ಆಮೇಲೆ ಬರೀ ಕುರಿಗಳು.
ಟಿಕೀಟಿನ ಗೂಡಿನ ಮುದುಕಿ ಮ್ಯೂರಿಯಲ್
"ಹೆಚ್ಚೇನೂ ಉಳಿದಿಲ್ಲ" ಎಂದು ಮೊದಲೇ ಕ್ಷಮೆ ಕೇಳಿದಳು,
ತಾನೇ ಕೆಡವಿದವಳ ಹಾಗೆ.

ವಾರಿಜಕ್ಕ ಮಂಡಿ ಹಿಡಿದು ಬೆಂಚಿನ ಮೇಲೆ ಕೂತಳು.
"ನೀ ಹತ್ತಿ ಬಾ. ಏನಿತ್ತೂಂತ ಹೇಳು."

ಸುರುಳಿ ಮೆಟ್ಟಿಲು, ನಡುವೆ ಸವೆದು ದೊನ್ನೆಯಾಗಿದೆ.
ನಲವತ್ತೊಂದನೆಯದರ ಮುಂದೆ ಗಾಳಿ.
ಕಟಕಟೆ ಹಿಡಿದು ನೋಡಿದರೆ
ಎದುರು ಗೋಡೆಯ ನಟ್ಟನಡುವೆ ಒಂದು ಒಲೆ.
ಕೆಳಗೆ ನೆಲವಿಲ್ಲ, ಮೇಲೆ ಸೂರಿಲ್ಲ,
ಕೈ ಕಾಸಿಕೊಳ್ಳುವವರಿಲ್ಲ;
ಒಲೆಯೊಂದೇ, ಬಾಯಿ ತೆರೆದು.
ಒಳಗಲ್ಲು ಇನ್ನೂ ಕೆಂಪು.
ಸಣ್ಣ ಕಾಗೆಯೊಂದು ಕಡ್ಡಿ ಕಚ್ಚಿ ತಂದು ಅದರೊಳಗಿಟ್ಟಿತು.
ಜಾರಿ ಬಿತ್ತು.
ಮತ್ತೊಂದು ತಂದಿತು.

ಇಳಿದು ಬಂದು ಹೇಳಿದೆ: ದೊರೆಯ ಕೋಣೆಯಂತೆ,
ಎತ್ತು ನಿಲ್ಲುವಷ್ಟು ದೊಡ್ಡ ಒಲೆ.
ಇಪ್ಪತ್ತೆಂಟು ವರ್ಷ ನ್ಯೂಕಾಸಲ್ಲಿನ ಹೋಟೆಲುಗಳಲ್ಲಿ
ಕೋಣೆ ಗುಡಿಸಿದವಳು
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತ ಕೇಳಿದ್ದು ಇಷ್ಟೇ:
"ಬೂದಿ ಹೊತ್ತು ಅಷ್ಟೂ ಮೆಟ್ಟಿಲು ಇಳಿದವಳು ಯಾರೇ?"

ಫಲಕ ಓದಿದೆ. ಮುತ್ತಿಗೆಯ ಇಸವಿಗಳು, ದೊರೆಗಳು,
ಒಬ್ಬ ದೊರೆಯ ಕುದುರೆಯ ಹೆಸರು ಕೂಡ.
ಮ್ಯೂರಿಯಲ್‌ಗೂ ಗೊತ್ತಿಲ್ಲ. ಪಾಪ, ಮತ್ತೆ ಕ್ಷಮೆ ಕೇಳಿದಳು.

ಬಸ್ಸಿನವರೆಗೂ ಅಕ್ಕ ಮಾತಾಡಲಿಲ್ಲ.
ಸೀಟಿನಲ್ಲಿ ಕಾಲು ಚಾಚಿ, ಕಿಟಕಿಯ ಮಂಜಿನ ಮೇಲೆ ಬೆರಳಾಡಿಸಿ
ಲೆಕ್ಕ ಬರೆದಳು:
ನಲವತ್ತೊಂದು. ಹತ್ತಿ ಇಳಿದರೆ ಎಂಬತ್ತೆರಡು.
ಚಳಿಗಾಲದಲ್ಲಿ ದಿನಕ್ಕೆ ಎರಡು ಸಲ.