ಹೆಸರಿನ ಬಾಡಿಗೆ

ಕುಶಾಲನಗರದ ಹುಡುಗ ಚೀಟಿಯಲ್ಲಿ ಬರೆದುಕೊಟ್ಟ:
ವೆಬ್‌ಸೈಟಿಗೆ ಹದಿನಾಲ್ಕು ಸಾವಿರ,
ಹೆಸರಿಗೆ ವರ್ಷಕ್ಕೆ ಒಂಬೈನೂರು.
ಹೆಸರಿಗೂ ಬಾಡಿಗೆಯೇನಪ್ಪ?
ಅಪ್ಪ ತಾನೇ ಕುಂಚ ಹಿಡಿದು ಬರೆದ
'ಕುಂಞಿಕಣ್ಣ ಪಲ್ಪರ್ ರಿಪೇರಿ, ಸುಂಟಿಕೊಪ್ಪ'
ನಲವತ್ತು ಮಳೆಗಾಲ ಪುಕ್ಕಟೆ ನಿಂತಿದೆ,
ಒಂದು 'ರಿ' ಉದುರಿದ್ದು ಬಿಟ್ಟರೆ.

ಕೊಯ್ಲಿನ ಮೂರು ತಿಂಗಳು ಉಣ್ಣಲೂ ಪುರುಸೊತ್ತಿಲ್ಲ,
ತಾಮ್ರದ ತಗಡು, ಬೆಲ್ಟು, ಬೇರಿಂಗು, ಉಗುರಲ್ಲಿ ಹಣ್ಣಿನ ಸಿಪ್ಪೆ.
ಮಾರ್ಚಿನಿಂದಾಚೆ ಗಲ್ಲಾಪೆಟ್ಟಿಗೆಯಲ್ಲಿ
ಸ್ಕ್ರೂಗಳೇ ಜಾಸ್ತಿ.

ಲೆಕ್ಕದ ಪುಸ್ತಕ ತೆಗೆದೆ.
ಓಡುವ ಚಿತ್ರ: ಹೊಡೆದುಹಾಕಿದೆ.
ಗಿರಾಕಿಯ ಜೊತೆ ಹರಟುವ ಪೆಟ್ಟಿಗೆ:
ಗ್ರೀಸಿನ ಕೈಯಲ್ಲಿ ಯಾರು ಒತ್ತುತ್ತಾರೆ, ಅದೂ ಹೋಯಿತು.
ಫೋಟೋ ಮಗಳು ಶಿಜಿನ ತೆಗೆದಾಳು.
ಉಳಿದದ್ದು ಒಂದೇ ಪುಟ:
ಯಾವ ಪಲ್ಪರಿಗೆ ಯಾವ ತಗಡು, ನನ್ನ ನಂಬರು.
'ಬಾಡಿಗೆ ಸೇರಿ ಆರು ಸಾವಿರ'
ಹುಡುಗ ಮುಖ ಸಣ್ಣದು ಮಾಡಿದ.

ಅದೇ ಪುಸ್ತಕದ ಹಿಂಬದಿಯಲ್ಲಿ
ಬಾಕಿಯವರು ಸಾಲಾಗಿ ಕೂತಿದ್ದಾರೆ.
ಮಾದಾಪುರ ತೋಟದ ದೊಡ್ಡವರು, ಆರು ಸಾವಿರದ ಇನ್ನೂರು,
ಹೋದ ಕೊಯ್ಲಿನದು.
ಫೋನ್ ಮಾಡಿದರೆ ನಗುತ್ತಾರೆ:
'ಇನ್ನೂ ವೆಬ್‌ಸೈಟ್ ಮಾಡಿಸಿಲ್ವ? ಕಾಲ ಎಲ್ಲಿಗೆ ಬಂತು!'

ಪೆನ್ಸಿಲಿನಲ್ಲಿ ಬರೆದೆ:
ಸೈಟು, ದೊಡ್ಡವರು ಕೊಟ್ಟರೆ.
ಉಳಿಯುವ ಇನ್ನೂರಕ್ಕೆ
ಬೋರ್ಡಿನ 'ರಿ'ಗೆ ಬಣ್ಣ.