ಇನ್ನೊಂದು ಅಚ್ಚು

ಊರಿನ ಪತ್ರಿಕೆ ಮುಚ್ಚಿ ನಲವತ್ತು ವರ್ಷ.
ಅಚ್ಚುಕೂಟದ ಸೀಸ ಮಾತ್ರ ವೆರ್ನಾಳ ಶೆಡ್ಡಿನಲ್ಲಿ,
ಹಾಲಿನ ಕ್ಯಾನುಗಳ ತುಂಬ.

ಉತ್ತರ ಡಕೋಟದ ಮಾರ್ಚ್. ಬಾಗಿಲು ತೆರೆದಿಟ್ಟು
ಒಲೆ ಹಚ್ಚುತ್ತಾಳೆ. ಒಂದೊಂದೇ ಸಾಲು
ಕನ್ನಡಕದ ಹತ್ತಿರ ಹಿಡಿದು ತಿರುವುಮುರುವು ಓದುತ್ತಾಳೆ:
ಹಾಲ್ವರ್‌ಸನ್ನರ ಕಳೆದ ಹಸು. ಗೋಧಿಯ ಧಾರಣೆ.
ಯಾರದೋ ಮದುವೆ, ವಧುವಿನ ಹೆಸರು ತಪ್ಪಾಗಿ.
ಓಡೆಲ್ ಕುಡಿದಿದ್ದನೇನೋ ಅಂದು.
ಎಲ್ಲ ಪಾತ್ರೆಗೆ. ಚೂರು ಜೇನುಮೇಣ; ಹೊಗೆ;
ಕೆನೆಗಟ್ಟಿದ ಕಿಟ್ಟವನ್ನು ಚಮಚದಲ್ಲಿ ಬಳಿದು
ಇನ್ನೊಂದು ಅಚ್ಚಿಗೆ ಹೊಯ್ಯುತ್ತಾಳೆ.
ತಟ್ಟಿದರೆ ಬೆಳ್ಳಗೆ ಉದುರುವ ಗುಂಡು.

ಗಂಡನ ಅಣ್ಣ ಕೊರಿಯಾದಲ್ಲಿ ಹಿಡಿದಂಥದೇ ಗರಾಂಡ್.
ಆಗ ಒಂದೇ ಉಸಿರಿಗೆ ಎಂಟು ಉಗುಳುತ್ತಿತ್ತಂತೆ.
ಈಗ ತಾಮ್ರದ ಕವಚವಿಲ್ಲದ ಸೀಸ, ಚಿಟಿಕೆ ಮದ್ದು;
ತಾನಾಗಿ ತೆರೆದುಕೊಳ್ಳಲು ಅದಕ್ಕೆ ದಮ್ಮು ಸಾಲದು.
ಪ್ರತಿ ಸಲವೂ ವೆರ್ನಾಳೇ ಹಿಡಿಕೆ ಎಳೆಯಬೇಕು,
ಎಪ್ಪತ್ತೆಂಟರ ಹೆಬ್ಬೆರಳು ಜೋಪಾನ.

"ಅವಸರ ಯಾರಿಗಿದೆ," ಎನ್ನುತ್ತಾಳೆ ಬಂದೂಕಿಗೆ.

ಎಂಟನೆಯದಾದ ಮೇಲೆ ಕ್ಲಿಪ್ಪು
ಟಿಣ್ಣೆಂದು ಹಿಮಕ್ಕೆ ಹಾರುತ್ತದೆ.
ಎದುರಿನ ಮಣ್ಣ ದಿಬ್ಬದೊಳಗೆ
ಹಸು, ಗೋಧಿ, ಆ ತಪ್ಪು ಹೆಸರು.
ಹಿಮ ಕರಗಲಿ, ಜರಡಿ ಹಿಡಿದರಾಯಿತು.